ಸವದತ್ತಿ, ಕಿತ್ತೂರು ಕಡೆ ‘ಫೇಮಸ್ ತಿನಿಸು’ ಇಲ್ಲವೇ? ಊರಿನ ಊಟ ಪಟ್ಟಿಗೆ ಬಾರದಿರಲು ಕಾರಣ ಇಲ್ಲಿದೆ

ಯಾವ ಊರಿಗೆ ಹೋದರೆ ಏನು ತಿನ್ನಬೇಕು ಎಂಬ ಪಟ್ಟಿಗಳು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತಿರುತ್ತವೆ. ಧಾರವಾಡಕ್ಕೆ ಪೇಡಾ, ಬೆಳಗಾವಿಗೆ ಕುಂದಾ, ಗೋಕಾಕಕ್ಕೆ ಕರದಂಟು. ಅದೇ ಸೀಮೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹೆಸರು ಅಲ್ಲಿ ಕಾಣುವುದು ಅಪರೂಪ. ಹೀಗಾಗಿ ಯಲ್ಲಮ್ಮನ ಗುಡ್ಡಕ್ಕೋ ಕಿತ್ತೂರು ಕೋಟೆಗೋ ಬಂದ ಎಷ್ಟೋ ಮಂದಿ ಗೋಬಿ ಮಂಚೂರಿ, ಫ್ರೈಡ್ ರೈಸ್ ತಿಂದು ಊರಿಗೆ ಮರಳುತ್ತಾರೆ. ಈ ನಾಲ್ಕು ತಾಲ್ಲೂಕುಗಳಲ್ಲಿ ತಿನ್ನುವಂಥದ್ದು ನಿಜಕ್ಕೂ ಇಲ್ಲವೇ?

ಯಾವ ತಿನಿಸು ಹೆಸರು ಮಾಡುತ್ತದೆ?

ಪಟ್ಟಿಯಲ್ಲಿರುವ ತಿನಿಸುಗಳನ್ನು ಗಮನಿಸಿ. ಎಲ್ಲವೂ ಸಿಹಿ, ಎಲ್ಲವೂ ಡಬ್ಬಿಯಲ್ಲಿ ಪ್ರಯಾಣ ಮಾಡುವಂಥವು. ಕರದಂಟಿನಲ್ಲಿ ಅಂಟು, ಬೆಲ್ಲ, ಕೊಬ್ಬರಿ, ಒಣಹಣ್ಣು ಇರುತ್ತವೆ. ನೀರಿನಂಶ ಬಹಳ ಕಡಿಮೆ. ನೀರು ಕಡಿಮೆ ಇದ್ದಲ್ಲಿ ಸೂಕ್ಷ್ಮಾಣುಗಳು ಬೆಳೆಯುವುದು ಕಷ್ಟ, ಹಾಗಾಗಿ ಬೇಗ ಕೆಡುವುದಿಲ್ಲ. ಬಸ್ಸಿನಲ್ಲಿ, ರೈಲಿನಲ್ಲಿ ದೂರ ಹೋದ ತಿನಿಸಿನ ಜೊತೆ ಊರಿನ ಹೆಸರೂ ದೂರ ಹೋಗುತ್ತದೆ.

ಬಿಸಿ ಜೋಳದ ರೊಟ್ಟಿಗೆ ಆ ಭಾಗ್ಯವಿಲ್ಲ. ಗೋಧಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಅದಕ್ಕೇ ಹಿಟ್ಟಿಗೆ ಎಸರು, ಅಂದರೆ ಕುದಿಯುವ ನೀರು, ಹಾಕಿ ನಾದುತ್ತಾರೆ. ಬಿಸಿಗೆ ಪಿಷ್ಟ ಉಬ್ಬಿ ಅಂಟಾಗುತ್ತದೆ, ರೊಟ್ಟಿ ಹರಿಯದೆ ನಿಲ್ಲುತ್ತದೆ. ಆರಿದಂತೆಲ್ಲ ಆ ಪಿಷ್ಟ ಮತ್ತೆ ಬಿಗಿಯಾಗಿ ರೊಟ್ಟಿ ಬಿರುಸಾಗುತ್ತದೆ. ಹೆಂಚಿನಿಂದ ಇಳಿದ ಸ್ವಲ್ಪ ಹೊತ್ತಿನಲ್ಲೇ ತಿನ್ನಬೇಕಾದ ಊಟವನ್ನು ಪೊಟ್ಟಣ ಕಟ್ಟಿ ಮಾರುವುದು ಹೇಗೆ?

ಕಡಕ್ ರೊಟ್ಟಿ ಇದಕ್ಕೆ ಹಿಂದಿನವರು ಕಂಡುಕೊಂಡ ಉಪಾಯ. ತೆಳ್ಳಗೆ ಬಡಿದು, ನೀರಿನ ಪಸೆ ಪೂರ್ತಿ ಹೋಗುವಂತೆ ಒಣಗಿಸಿದರೆ ವಾರಗಟ್ಟಲೆ ಇರುತ್ತದೆ. ಯಲ್ಲಮ್ಮನ ಜಾತ್ರೆಗೆ ಚಕ್ಕಡಿ, ಟ್ರ್ಯಾಕ್ಟರ್‌ಗಳಲ್ಲಿ ಹೊರಟವರ ಬುತ್ತಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇರುವುದು ಇದೇ ಕಾರಣಕ್ಕೆ.

ಎಲ್ಲಿ ಹುಡುಕಬೇಕು?

ಖಾನಾವಳಿಯಲ್ಲಿ. ದೊಡ್ಡ ಬೋರ್ಡು, ಹತ್ತು ಪುಟದ ಮೆನು ನಿರೀಕ್ಷಿಸಬೇಡಿ. ಆನ್‌ಲೈನ್ ರೇಟಿಂಗ್ ಇಲ್ಲದ ಮಾತ್ರಕ್ಕೆ ಊಟ ಚೆನ್ನಾಗಿಲ್ಲ ಎಂದೂ ಅಲ್ಲ. ಬಸ್‌ ನಿಲ್ದಾಣದ, ಮಾರುಕಟ್ಟೆಯ ಆಸುಪಾಸಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಹೋಗಿ, ಸಂತೆಗೆ ಬಂದ ರೈತರು ಎಲ್ಲಿ ಉಣ್ಣುತ್ತಾರೆ ಎಂದು ನೋಡಿ. ಒಳಗಿನಿಂದ ರೊಟ್ಟಿ ಬಡಿಯುವ ಪಟಪಟ ಸದ್ದು ಕೇಳಿದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ.

ತಾಟಿನಲ್ಲಿ ಏನಿರುತ್ತದೆ? ಬಿಸಿ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ, ಹೆಸರುಕಾಳು ಅಥವಾ ಮಡಕಿಕಾಳಿನ ಪಲ್ಯ, ಕೆಲವೊಮ್ಮೆ ಝುಣಕಾ ಅಥವಾ ಪುಂಡಿ ಪಲ್ಯ, ಶೇಂಗಾ ಇಲ್ಲವೇ ಗುರೆಳ್ಳು ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯದ ಸೊಪ್ಪು, ಕೊನೆಗೆ ಅನ್ನ ಸಾರು. ಖಾರ ಹೆಚ್ಚಾಯಿತೇ? ನೀರು ಕುಡಿಯಬೇಡಿ, ಮೊಸರು ತಿನ್ನಿ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ; ಹಾಲು, ಮೊಸರಿನ ಪ್ರೋಟೀನ್ ಮತ್ತು ಕೊಬ್ಬು ಅದನ್ನು ನಾಲಿಗೆಯಿಂದ ಬಿಡಿಸುತ್ತವೆ.

ಯಾವಾಗ ಹೋಗಬೇಕು?

ಇಲ್ಲಿನ ಊಟ ಹೊಲದ ಜೊತೆಗೇ ಬದಲಾಗುತ್ತದೆ. ಎರೆ ಭೂಮಿಯಲ್ಲಿ ಹಿಂಗಾರಿ ಜೋಳದ ತೆನೆ ಹಾಲುಗಾಳಾಗುವ ಹೊತ್ತಿಗೆ ಸೀತನಿ ಸಿಗುತ್ತದೆ. ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ ಉದುರಿಸಿದ ಕಾಳು ಅದು. ಸಿಗುವುದು ಕೆಲವೇ ವಾರ, ಅದೂ ಹೆಚ್ಚಾಗಿ ಹೊಲದಲ್ಲೇ. ಎಳ್ಳಮಾವಾಸ್ಯೆಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಪುಂಡಿ ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಎಲ್ಲರೂ ಕೂತು ಉಣ್ಣುತ್ತಾರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಯಲ್ಲಮ್ಮನ ಗುಡ್ಡದಲ್ಲಿ ಭಕ್ತರು ಅಲ್ಲೇ ಒಲೆ ಹೂಡಿ ಅಡುಗೆ ಮಾಡಿ, ಪಡ್ಡಲಗಿ ತುಂಬಿಸುತ್ತಾರೆ. ಇವಾವುವೂ ದುಡ್ಡು ಕೊಟ್ಟು ಆರ್ಡರ್ ಮಾಡುವ ಊಟಗಳಲ್ಲ. ಪರಿಚಯದವರಿದ್ದರೆ ಅವರ ಜೊತೆ ಹೋಗಿ. ಹೊಲದಲ್ಲಿ ಕೂತವರು ‘ಬರ್ರಿ, ಊಟಾ ಮಾಡ್ರಿ’ ಎಂದು ಕರೆದರೆ ಸಂಕೋಚ ಬೇಡ.

ರೊಟ್ಟಿ ತಿಂದರೆ ಶುಗರ್ ವಾಸಿಯಾಗುತ್ತದೆಯೇ?

ಇಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಜೋಳದ ಗುಣಗಾನ ಮಾಡುವ ಫಾರ್ವರ್ಡ್‌ಗಳಿಗೂ ಕಡಿಮೆಯಿಲ್ಲ. ಅವುಗಳಲ್ಲಿ ನಿಜವೂ ಇದೆ. ಪಾಲಿಶ್ ಮಾಡಿದ ಅಕ್ಕಿಗಿಂತ ಜೋಳದಲ್ಲಿ ನಾರು ಹೆಚ್ಚು. ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆಯವರೂ ಇದನ್ನು ತಿನ್ನಬಹುದು, ಗಿರಣಿಯಲ್ಲಿ ಗೋಧಿ ಹಿಟ್ಟು ಬೆರೆಯದಿದ್ದರೆ. ಆದರೆ 100 ಗ್ರಾಂ ಜೋಳದಲ್ಲಿ ಪ್ರೋಟೀನ್ ಸುಮಾರು 10 ಗ್ರಾಂ, ಶರ್ಕರಪಿಷ್ಟ 70 ಗ್ರಾಂ ಆಸುಪಾಸು. ಆ ಪಿಷ್ಟ ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ. ತಾಟಿನಲ್ಲಿರುವ ಕಾಳು, ಸೊಪ್ಪು, ಮೊಸರು ಆ ಏರಿಕೆಯನ್ನು ನಿಧಾನ ಮಾಡುತ್ತವೆ. ಅಂದರೆ ಒಳ್ಳೆಯದು ಇಡೀ ಊಟ, ಬರೀ ರೊಟ್ಟಿ ಅಲ್ಲ. ಸಕ್ಕರೆ ಕಾಯಿಲೆ ಇರುವವರು ರೊಟ್ಟಿಯನ್ನೂ ಲೆಕ್ಕದಲ್ಲೇ ತಿನ್ನಬೇಕು. ಫಾರ್ವರ್ಡ್ ನಂಬಿ ಮಾತ್ರೆ ನಿಲ್ಲಿಸಬೇಡಿ.

ಹಾಗಾದರೆ ಏನು ಹಂಚಿಕೊಳ್ಳಬೇಕು?

ರೊಟ್ಟಿ ಬಡಿಯುವುದು ಕೈಕೆಲಸ, ಬೆಂಕಿಯ ಮುಂದಿನ ಕೆಲಸ, ಬಹುತೇಕ ಹೆಣ್ಣುಮಕ್ಕಳ ದುಡಿಮೆ. ಗಿರಾಕಿ ಕೇಳಿದರೆ ಮಾತ್ರ ಖಾನಾವಳಿ ಆ ಶ್ರಮಕ್ಕೆ ಕೈಹಾಕುತ್ತದೆ. ಎಲ್ಲರೂ ಫ್ರೈಡ್ ರೈಸ್ ಕೇಳಿದರೆ ಅಲ್ಲೂ ಅದೇ ಬರುತ್ತದೆ. ಆದ್ದರಿಂದ ಮುಂದಿನ ಸಲ ಪಟ್ಟಿ ಫಾರ್ವರ್ಡ್ ಮಾಡುವಾಗ ನೀವೇ ಒಂದು ಸಾಲು ಸೇರಿಸಿ: ಯಾವ ಊರು, ಯಾವ ಖಾನಾವಳಿ, ಯಾವ ಹೊತ್ತಿಗೆ ಹೋದರೆ ರೊಟ್ಟಿ ಬಿಸಿ ಇರುತ್ತದೆ. ನೀವೇ ಉಂಡು ನೋಡಿದ್ದಾಗಿದ್ದರೆ ಸಾಕು.