ಬಾಯ್ಲರ್ ಕೆಟ್ಟಿತು, ಕಂಪನಿ ಒಲ್ಲೆನೆಂದಿತು

ಜನವರಿಯಲ್ಲಿ ಇಂಗ್ಲೆಂಡಿನ ಲೀಡ್ಸ್, ಶೆಫೀಲ್ಡ್‌ನಂಥ ಊರುಗಳಲ್ಲಿ ರಾತ್ರಿಯ ಉಷ್ಣಾಂಶ ಸೊನ್ನೆಯ ಆಸುಪಾಸಿಗೆ ಇಳಿಯುವುದು ಮಾಮೂಲು. ಅಂಥ ಒಂದು ರಾತ್ರಿ, ನಾಲ್ಕೈದು ಮಂದಿ ವಿದ್ಯಾರ್ಥಿಗಳು ಸೇರಿ ಬಾಡಿಗೆಗೆ ಹಿಡಿದ ಮನೆಯಲ್ಲಿ ಬಾಯ್ಲರ್ ನಿಂತುಹೋಗುತ್ತದೆ. ಮಾಲೀಕನಿಗೆ ಫೋನ್ ಹೋಗುತ್ತದೆ. ಅವನು ವರ್ಷವಿಡೀ ಕಂತು ಕಟ್ಟಿಸಿಕೊಳ್ಳುವ ರಿಪೇರಿ ಕಂಪನಿಯ ಮೆಕ್ಯಾನಿಕ್ ಬರುತ್ತಾನೆ, ಹತ್ತು ನಿಮಿಷ ನೋಡುತ್ತಾನೆ, ‘ಇದು ನಮ್ಮ ಕರಾರಿಗೆ ಸೇರಿದ್ದಲ್ಲ’ ಎಂದು ಪೆಟ್ಟಿಗೆ ಮುಚ್ಚಿ ಹೊರಡುತ್ತಾನೆ. ‘ಕಂಪನಿಯ ಮೇಲೆ ತಕರಾರು ಹಾಕಿದ್ದೇನೆ, ತೀರ್ಮಾನವಾಗುವವರೆಗೆ ಸ್ವಲ್ಪ ಸುಧಾರಿಸಿಕೊಳ್ಳಿ’ ಎನ್ನುತ್ತಾನೆ ಮಾಲೀಕ. ಹುಡುಗರು ಸ್ವೆಟರಿನ ಮೇಲೆ ಸ್ವೆಟರು ಏರಿಸಿ ಕೂರುತ್ತಾರೆ. ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಇರುವ ತಂದೆ ತಾಯಿ ಫೋನಿನಲ್ಲಿ ಹೇಳುವ ಮಾತು ಒಂದೇ: ‘ಎಷ್ಟಾಗುತ್ತದೆ ಕೇಳು ಮಗಾ, ಕಳಿಸಿಬಿಡುತ್ತೇವೆ.’

ಹಣ ಕಳಿಸುವ ಮುನ್ನ ಹೆತ್ತವರು ಒಂದು ಸಂಗತಿ ತಿಳಿದಿರಬೇಕು. ಕಂಪನಿಗೂ ಮಾಲೀಕನಿಗೂ ನಡೆಯುವ ಆ ಜಗಳದಲ್ಲಿ ಬಾಡಿಗೆದಾರನಿಗೆ ಪಾಲಿಲ್ಲ. ಅದು ಮುಗಿಯಲಿ ಎಂದು ಅವನು ಚಳಿಯಲ್ಲಿ ಕಾಯಬೇಕಾಗಿಯೂ ಇಲ್ಲ.

ನಮ್ಮಲ್ಲಿ ಬಾಯ್ಲರ್ ಎಂದರೆ ಬಚ್ಚಲಿನ ಮೂಲೆಯ ತಾಮ್ರದ ಕೊಳವಿ. ಕೆಳಗೆ ಸೌದೆ, ಮೇಲೆ ಹೊಗೆ. ಅದು ಕೈಕೊಟ್ಟರೆ ಒಂದು ದಿನ ತಣ್ಣೀರು ಸ್ನಾನ, ಅಷ್ಟೆ. ಬ್ರಿಟನ್ನಿನ ಬಾಯ್ಲರ್ ಸಾಮಾನ್ಯವಾಗಿ ಗೋಡೆಗೆ ತಗುಲಿಸಿದ ಗ್ಯಾಸ್ ಪೆಟ್ಟಿಗೆ. ಸ್ನಾನದ ಬಿಸಿನೀರೂ ಅದರಿಂದಲೇ, ಕೋಣೆ ಕೋಣೆಯ ರೇಡಿಯೇಟರಿನ ಕಾವೂ ಅದರಿಂದಲೇ. ಅದು ನಿಂತರೆ ಮನೆಯೇ ನಿಂತಂತೆ. ಈ ಭಯದ ಮೇಲೆಯೇ ‘ಬಾಯ್ಲರ್ ಕವರ್’ ಎಂಬ ವ್ಯಾಪಾರ ನಿಂತಿದೆ. ತಿಂಗಳಿಗೆ ಇಷ್ಟು ಕಟ್ಟಿ, ಕೆಟ್ಟರೆ ನಾವು ಬಂದು ಸರಿಮಾಡುತ್ತೇವೆ ಎಂಬ ಭರವಸೆ ಅದು. ಕಂತು ಕಟ್ಟುವಾಗ ಕಂಪನಿಯ ಮಾತು ಬೆಣ್ಣೆಯಂತಿರುತ್ತದೆ. ಷರತ್ತುಗಳು ಮಾತ್ರ ಸಣ್ಣಕ್ಷರದಲ್ಲಿ ಹಿಂದಿನ ಪುಟಗಳಲ್ಲಿರುತ್ತವೆ.

ನಿರಾಕರಣೆಗೆ ಕಂಪನಿಗಳು ಕೊಡುವ ಕಾರಣಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಕವರ್ ಕೊಳ್ಳುವ ಮೊದಲೇ ದೋಷವಿತ್ತು. ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಿಲ್ಲ. ಬಾಯ್ಲರ್ ಹಳೆಯದು, ಬಿಡಿಭಾಗ ಸಿಗುವುದಿಲ್ಲ. ಇವೆಲ್ಲಕ್ಕಿಂತ ಹೆಚ್ಚು ಜಗಳಕ್ಕೆ ಎಡೆಮಾಡುವುದು ಕೆಸರು ಮತ್ತು ಸುಣ್ಣ. ರೇಡಿಯೇಟರುಗಳು ಉಕ್ಕಿನವು, ಒಳಗೆ ವರ್ಷಗಟ್ಟಲೆ ಅದೇ ನೀರು ಸುತ್ತುತ್ತ ತುಕ್ಕು ಹಿಡಿದು, ಕಪ್ಪು ಕೆಸರಾಗಿ ತಳಕ್ಕೆ ಇಳಿಯುತ್ತದೆ. ರೇಡಿಯೇಟರ್ ಮೇಲ್ಗಡೆ ಬಿಸಿಯಿದ್ದು ಬುಡದಲ್ಲಿ ತಣ್ಣಗಿದ್ದರೆ ಕೆಸರೆಂದು ಸಂಶಯಪಡಬಹುದು. ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡಿನಲ್ಲಿ ನೀರು ಗಡಸು. ಅಲ್ಲಿ ಬಿಸಿನೀರಿನ ಕೊಳವೆಗಳಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ, ನಮ್ಮ ಬೋರ್‌ವೆಲ್ ನೀರಿನ ಗೀಸರಿನಲ್ಲಿ ಕಟ್ಟುವ ಹಾಗೆ. ಇವೆರಡರಿಂದ ಆದ ಹಾನಿ ನಮಗೆ ಸೇರಿದ್ದಲ್ಲ ಎಂದು ಅನೇಕ ಕಂಪನಿಗಳ ಕರಾರಿನಲ್ಲಿ ಬರೆದಿರುತ್ತದೆ. ಮೊದಲು ನಿಮ್ಮ ಖರ್ಚಿನಲ್ಲಿ ಕೊಳವೆ ತೊಳೆಸಿ, ಆಮೇಲೆ ನಮ್ಮನ್ನು ಕರೆಯಿರಿ ಎಂಬ ಉತ್ತರ ಬರುವುದು ಈ ಕಾರಣಕ್ಕೆ.

ಇನ್ನು ಬಾಡಿಗೆಗಿರುವ ವಿದ್ಯಾರ್ಥಿಯ ಮಾತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಾಲೀಕ-ಬಾಡಿಗೆದಾರರ ಸಂಬಂಧಕ್ಕೆಂದು 1985ರಲ್ಲಿ ಒಂದು ಕಾಯ್ದೆ ಬಂತು. ಇಂಗ್ಲೆಂಡಿನಲ್ಲಿ ಇಂದಿಗೂ ಆಧಾರ ಅದರ 11ನೆಯ ಕಲಮು: ಏಳು ವರ್ಷಕ್ಕಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಟ್ಟ ಮನೆಯಲ್ಲಿ ಕಾವು ಮತ್ತು ಬಿಸಿನೀರು ಒದಗಿಸುವ ಸಲಕರಣೆಗಳನ್ನು ಸುಸ್ಥಿತಿಯಲ್ಲಿಡುವ ಹೊಣೆ ಮಾಲೀಕನದು. ಬಾಡಿಗೆ ಪತ್ರದಲ್ಲಿ ‘ರಿಪೇರಿ ಬಾಡಿಗೆದಾರನದು’ ಎಂದು ಬರೆಸಿಕೊಂಡ ಮಾತ್ರಕ್ಕೆ ಆ ಹೊಣೆ ತಪ್ಪುವುದಿಲ್ಲ. ಮಾಲೀಕ ಕವರ್ ಕೊಂಡಿದ್ದಾನೋ ಇಲ್ಲವೋ, ಕೊಂಡ ಕಂಪನಿ ಒಪ್ಪಿತೋ ಇಲ್ಲವೋ ಎಂಬುದನ್ನು ಕಾಯ್ದೆ ಕೇಳುವುದೇ ಇಲ್ಲ. ಕಂಪನಿ ಒಲ್ಲೆನೆಂದರೆ ಮಾಲೀಕ ಬೇರೆ ಮೆಕ್ಯಾನಿಕ್ ಕರೆಸಿ, ತನ್ನ ಜೇಬಿನಿಂದ ಕೊಟ್ಟು, ಆಮೇಲೆ ಕಂಪನಿಯೊಂದಿಗೆ ಎಷ್ಟು ದಿನ ಬೇಕಾದರೂ ಹೊಡೆದಾಡಿಕೊಳ್ಳಲಿ. (ಸ್ಕಾಟ್ಲೆಂಡಿಗೆ ಕಾಯ್ದೆ ಬೇರೆ, ಎಡಿನ್‌ಬರೊ, ಗ್ಲಾಸ್ಗೊಗಳಿಗೆ ಹೊರಟವರು ಅಲ್ಲಿನ ನಿಯಮ ವಿಚಾರಿಸಿಕೊಳ್ಳಬೇಕು.)

ಆದರೆ ಈ ಹೊಣೆ ಶುರುವಾಗುವುದು ಮಾಲೀಕನಿಗೆ ವಿಷಯ ತಿಳಿದ ಮೇಲೆ. ನಮ್ಮ ಹುಡುಗರು ಸೋಲುವುದು ಇಲ್ಲೇ. ಫೋನಿನಲ್ಲಿ ಹೇಳಿ ಸುಮ್ಮನಾಗುತ್ತಾರೆ; ಮನೆಯ ಐದು ಮಂದಿಯಲ್ಲಿ ಇನ್ನೊಬ್ಬ ಹೇಳಿರುತ್ತಾನೆ ಎಂದು ಪ್ರತಿಯೊಬ್ಬನೂ ತಿಳಿದಿರುತ್ತಾನೆ. ಫೋನಿನಲ್ಲಿ ಹೇಳಿದ ದಿನವೇ ಇಮೇಲಿನಲ್ಲೂ ಬರೆಯಬೇಕು: ಯಾವ ದಿನ ಎಷ್ಟು ಹೊತ್ತಿಗೆ ನಿಂತಿತು, ಪರದೆಯ ಮೇಲೆ ಯಾವ ದೋಷದ ಸಂಖ್ಯೆ ಮೂಡಿದೆ, ಬಿಸಿನೀರೂ ಇಲ್ಲವೇ ಅಥವಾ ಕಾವು ಮಾತ್ರ ಇಲ್ಲವೇ. ಬಂದ ಮೆಕ್ಯಾನಿಕ್ ಚೀಟಿ ಕೊಟ್ಟರೆ ಅದರ ಫೋಟೊ ತೆಗೆದಿಡಬೇಕು. ರಿಪೇರಿಗೆ ಬರುವವರಿಗೆ ಬಾಗಿಲು ತೆಗೆಯುವುದು ಬಾಡಿಗೆದಾರನ ಕೆಲಸ; ‘ಬಂದಿದ್ದೆವು, ಯಾರೂ ಇರಲಿಲ್ಲ’ ಎಂಬ ನೆಪ ಹುಡುಕುವವರಿಗೆ ಅದನ್ನು ತಾವಾಗಿ ಒದಗಿಸಿಕೊಡಬಾರದು. ರಿಪೇರಿಯಾಗುವವರೆಗೆ ವಿದ್ಯುತ್ ಹೀಟರುಗಳನ್ನು ಕೊಡಿ ಎಂದೂ, ಅದರಿಂದ ಏರುವ ಕರೆಂಟಿನ ಖರ್ಚು ಯಾರದು ಎಂದೂ ಅದೇ ಪತ್ರದಲ್ಲಿ ಕೇಳುವುದು ಜಾಣತನ.

ರಿಪೇರಿ ಎಷ್ಟು ದಿನದೊಳಗೆ ಆಗಬೇಕು ಎಂಬುದಕ್ಕೆ ಆ ಕಲಮಿನಲ್ಲಿ ದಿನಗಳ ಲೆಕ್ಕವಿಲ್ಲ. ‘ಸಮಂಜಸ ಅವಧಿ’ ಎಂಬುದೇ ಅಳತೆ. ನಡುಚಳಿಗಾಲದ ಸಮಂಜಸ ಅವಧಿ ಜುಲೈ ತಿಂಗಳಿನದಕ್ಕಿಂತ ಬಹಳ ಚಿಕ್ಕದು ಎನ್ನಲು ವಕೀಲರೇ ಆಗಬೇಕಿಲ್ಲ. ಮಾಲೀಕ ಜಗ್ಗದಿದ್ದರೆ ಊರಿನ ಕೌನ್ಸಿಲಿಗೆ ದೂರು ಕೊಡಬಹುದು. 2004ರ ವಸತಿ ಕಾಯ್ದೆಯಡಿ ಮನೆಯ ಅಪಾಯಗಳನ್ನು ಅಳೆಯುವ ಪಟ್ಟಿಯಲ್ಲಿ ಅತಿಯಾದ ಚಳಿಯೂ ಒಂದು. ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಸಲಹಾ ಕೇಂದ್ರವನ್ನೂ ಕಾಣಬಹುದು. ಒಂದನ್ನು ಮಾತ್ರ ಮಾಡಬಾರದು: ಸಿಟ್ಟಿನಿಂದ ಬಾಡಿಗೆ ನಿಲ್ಲಿಸುವುದು. ನ್ಯಾಯ ತಮ್ಮ ಕಡೆಯಿದ್ದರೂ ಬಾಕಿದಾರರೆಂಬ ಹೆಸರು ಹೊತ್ತು ಮನೆ ಬಿಡುವ ಪ್ರಸಂಗ ಬಂದೀತು. ಎಲ್ಲರೂ ಒಂದೇ ಕರಾರಿಗೆ ಜಂಟಿಯಾಗಿ ಸಹಿ ಹಾಕಿದ್ದರಂತೂ ಒಬ್ಬನ ಬಾಕಿ ಎಲ್ಲರ ತಲೆಗೆ.

ಓದು ಮುಗಿಸಿ ಅಲ್ಲೇ ಕೆಲಸ ಹಿಡಿದು ಸ್ವಂತ ಮನೆ ಮಾಡಿಕೊಂಡ ಕನ್ನಡಿಗರಿಗೆ ಇದು ಬೇರೆಯೇ ಜಗಳ. ಅಲ್ಲಿ ಕಂಪನಿಗೆ ಎದುರು ನಿಲ್ಲಬೇಕಾದವರು ಅವರೇ. ಮೊದಲು ನೋಡಬೇಕಾದದ್ದು, ಕೊಂಡದ್ದು ವಿಮೆಯೋ ಬರಿಯ ಸೇವಾ ಒಪ್ಪಂದವೋ ಎಂದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ವಿಮೆಯಾಗಿದ್ದರೆ ಅದರ ಮೇಲೆ ಹಣಕಾಸು ನಿಯಂತ್ರಣ ಪ್ರಾಧಿಕಾರದ ಕಣ್ಣಿರುತ್ತದೆ. ಕಂಪನಿಗೆ ದೂರು ಕೊಟ್ಟು ಎಂಟು ವಾರವಾದರೂ ಅಂತಿಮ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಆರು ತಿಂಗಳೊಳಗೆ, ಫೈನಾನ್ಶಿಯಲ್ ಓಂಬುಡ್ಸ್‌ಮನ್ ಸರ್ವೀಸಿಗೆ ಹೋಗಬಹುದು. ಗ್ರಾಹಕನಿಗೆ ಖರ್ಚಿಲ್ಲ. ಓಂಬುಡ್ಸ್‌ಮನ್ನರ ಅಂತಿಮ ತೀರ್ಪನ್ನು ಗ್ರಾಹಕ ಒಪ್ಪಿಕೊಂಡರೆ ಕಂಪನಿ ಅದಕ್ಕೆ ಬದ್ಧ. ಬರಿಯ ಸೇವಾ ಒಪ್ಪಂದಕ್ಕೆ ಸಾಮಾನ್ಯವಾಗಿ ಈ ಬಾಗಿಲಿಲ್ಲ. ಅಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಹಿಡಿದು, ಕೊನೆಗೆ ಹತ್ತು ಸಾವಿರ ಪೌಂಡ್‌ವರೆಗಿನ ಸಣ್ಣ ದಾವೆಗಳನ್ನು ನೋಡುವ ನ್ಯಾಯಾಲಯಕ್ಕೆ ಹೋಗಬೇಕು.

ವಿಮೆಯ ಜಗಳದಲ್ಲಿ ಗ್ರಾಹಕರು ಮರೆಯುವ ಅಂಶವೊಂದಿದೆ. ‘ಈ ದೋಷ ನಮ್ಮ ಕರಾರಿನ ಹೊರಗಿನದು’ ಎನ್ನುವ ಕಂಪನಿಯೇ ಅದನ್ನು ತೋರಿಸಿಕೊಡಬೇಕು. ‘ಕೆಸರಿದೆ’ ಎಂದರೆ ಸಾಲದು. ಪಂಪು ಸುಟ್ಟದ್ದು ಆ ಕೆಸರಿನಿಂದಲೇ ಎಂದು ಹೇಳಲು ಆಧಾರವೇನು? ಹಾಗೆಯೇ ಸರ್ವೀಸ್ ತಪ್ಪಿತೆಂಬ ಮಾತು. ಗೋಡೆಯ ಮೇಲಿನ ಥರ್ಮೋಸ್ಟಾಟ್ ಕೆಟ್ಟದ್ದಕ್ಕೂ ಬಾಯ್ಲರಿನ ಸರ್ವೀಸ್ ತಪ್ಪಿದ್ದಕ್ಕೂ ಎತ್ತಣಿಂದೆತ್ತಣ ಸಂಬಂಧ? ಆದ ನಷ್ಟಕ್ಕೆ ಸಂಬಂಧಪಡದ ಷರತ್ತನ್ನು ಮುಂದೊಡ್ಡಿ ಕೈತೊಳೆದುಕೊಳ್ಳುವುದಕ್ಕೆ 2015ರ ವಿಮಾ ಕಾಯ್ದೆ ತಡೆ ಹಾಕಿದೆ. ಇಷ್ಟನ್ನು ಸಾಧಿಸಲು ಬೇಕಾದದ್ದು ಇನ್ನೊಬ್ಬ ತಜ್ಞನ ಲಿಖಿತ ವರದಿ. ಅವನು ‘ಗ್ಯಾಸ್ ಸೇಫ್’ ನೋಂದಣಿಯಲ್ಲಿರಬೇಕು. 2009ರ ಏಪ್ರಿಲಿನಿಂದ ಅಲ್ಲಿ ಗ್ಯಾಸ್ ಕೆಲಸಕ್ಕೆ ಅಧಿಕೃತ ಪಟ್ಟಿ ಅದೇ. ಕೆಟ್ಟ ಬಿಡಿಭಾಗವನ್ನು ತೆಗೆದರೆ ಎಸೆಯದೆ ಜೋಪಾನ ಮಾಡಬೇಕು.

ಎಲ್ಲ ನಿಲುಗಡೆಯೂ ಜಗಳಕ್ಕೆ ಯೋಗ್ಯವಲ್ಲ. ಹಿಮ ಬಿದ್ದ ಬೆಳಿಗ್ಗೆ ಬಾಯ್ಲರ್ ಗುಳುಗುಳು ಸದ್ದು ಮಾಡಿ ನಿಂತರೆ, ಅದರಿಂದ ನೀರು ಹೊರಹೋಗುವ ಪ್ಲಾಸ್ಟಿಕ್ ಕೊಳವೆ ಗೋಡೆಯಾಚೆ ಹೆಪ್ಪುಗಟ್ಟಿರುವ ಸಂಭವವೇ ಹೆಚ್ಚು. ಕೊಳವೆ ಕೈಗೆಟಕುವಂತಿದ್ದರೆ ಅದರ ಮೇಲೆ ಉಗುರುಬೆಚ್ಚಗಿನ ನೀರು ಹೊಯ್ದು, ಕೈಪಿಡಿಯಲ್ಲಿ ಹೇಳಿದಂತೆ ಮತ್ತೆ ಚಾಲೂ ಮಾಡಿದರೆ ಸಾಕಾಗಬಹುದು. ಕುದಿಯುವ ನೀರು ಮಾತ್ರ ಬೇಡ. ಬಾಯ್ಲರಿನ ಮುಚ್ಚಳ ಬಿಚ್ಚುವ ಸಾಹಸವನ್ನು ಎಂಜಿನಿಯರಿಂಗ್ ಓದುವ ಹುಡುಗರೂ ಮಾಡಕೂಡದು. ಗ್ಯಾಸ್ ವಾಸನೆ ಬಂದರಂತೂ ಮಾಲೀಕ, ಕಂಪನಿ ಯಾರನ್ನೂ ಕಾಯದೆ, ಕಿಟಕಿ ತೆಗೆದು ಹೊರಬಂದು 0800 111 999ಕ್ಕೆ ಫೋನ್ ಮಾಡಬೇಕು.

ಸೆಪ್ಟೆಂಬರಿನಲ್ಲಿ ಮನೆ ಹಿಡಿಯುವಾಗ, ಹೊರಗೆ ಇನ್ನೂ ಬಿಸಿಲಿರುವಾಗಲೇ, ಏಜೆಂಟನ ಬಳಿ ಮೂರು ಮಾತು ಕೇಳಬೇಕು. ಈ ವರ್ಷದ ಗ್ಯಾಸ್ ಸುರಕ್ಷತಾ ಪತ್ರ ಎಲ್ಲಿ? ಅದನ್ನು ವರ್ಷಕ್ಕೊಮ್ಮೆ ಮಾಡಿಸಿ ಬಾಡಿಗೆದಾರನಿಗೆ ಪ್ರತಿ ಕೊಡುವುದು ಮಾಲೀಕನ ಕರ್ತವ್ಯ. ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯೇ? 2022ರ ಅಕ್ಟೋಬರಿನಿಂದ ಇಂಗ್ಲೆಂಡಿನ ಬಾಡಿಗೆ ಮನೆಗಳಲ್ಲಿ ಅದು ಕಡ್ಡಾಯ. ಬಾಯ್ಲರ್ ಕೆಟ್ಟರೆ ಯಾರಿಗೆ, ಯಾವ ವಿಳಾಸಕ್ಕೆ ಬರೆಯಬೇಕು? ಉತ್ತರ ‘ನಮ್ಮ ಕವರ್ ಕಂಪನಿಗೆ ಫೋನ್ ಮಾಡಿ’ ಎಂದಷ್ಟೇ ಆದರೆ, ಮಾಲೀಕನ ಹೆಸರು ವಿಳಾಸಗಳನ್ನು ಬರೆದುಕೊಡಿ ಎಂದು ಅಲ್ಲೇ ಪಟ್ಟು ಹಿಡಿದು ಕೂರುವುದು ಮೇಲು.