ಏರುವ ಗೆರೆಯ ಅಪರಾಧಿ ಯಾರು?



ಮಾರ್ಟಳ್ಳಿಯ ಸುತ್ತಲಿನ ಕಾಡು ಸೊರಗುತ್ತಿರುವುದೇಕೆ ಎಂದು ಕೇಳಿದಾಗಲೆಲ್ಲ ಸಿದ್ಧ ಉತ್ತರವೊಂದು ದೊರೆಯುತ್ತದೆ: ‘ಜನಸಂಖ್ಯಾ ಸ್ಫೋಟ’. ಕಪ್ಪುಹಲಗೆಯ ಮೇಲೆ ಆಕಾಶಕ್ಕೇರುವ ಗೆರೆಯೊಂದನ್ನೆಳೆದು ಬೆಟ್ಟದ ಜನರನ್ನು ಅಪರಾಧಿಗಳೆಂದು ನಿಲ್ಲಿಸುವುದು ಸುಲಭ. ಆ ಗೆರೆಯ ಹಿಂದಿನ ಗಣಿತವನ್ನು ನಾವೇ ಪರೀಕ್ಷಿಸೋಣ.

ಘಾತೀಯ ಬೆಳವಣಿಗೆಯ ಸಮೀಕರಣ ಸರಳವಾದುದು:

ವರ್ಷದ ಹೆಚ್ಚಳ = ದರ × ಸಂಖ್ಯೆ

ಚಕ್ರಬಡ್ಡಿಯ ಸಾಲದಂತೆ, ಸಂಖ್ಯೆ ಬೆಳೆದಷ್ಟೂ ಹೆಚ್ಚಳವೂ ಬೆಳೆಯುತ್ತದೆ. ದರ ಶೇಕಡಾ 2 ಆದರೆ ಸುಮಾರು 35 ವರ್ಷಗಳಲ್ಲಿ ಸಂಖ್ಯೆ ಇಮ್ಮಡಿಯಾಗುತ್ತದೆ. ಆದರೆ ದರ ಎಂದಿಗೂ ಬದಲಾಗದು, ನೆಲ-ನೀರಿಗೆ ಮಿತಿಯಿಲ್ಲ ಎಂಬ ಎರಡು ಊಹೆಗಳ ಮೇಲೆ ಈ ಲೆಕ್ಕ ನಿಂತಿದೆ. ಬೆಲ್ಜಿಯಂನ ಗಣಿತಜ್ಞ ವೆರ್‌ಹುಲ್ಸ್ಟ್ 1838ರಲ್ಲಿಯೇ ಇದನ್ನು ತಿದ್ದಿದನು:

ವರ್ಷದ ಹೆಚ್ಚಳ = ದರ × ಸಂಖ್ಯೆ × (1 − ಸಂಖ್ಯೆ ÷ ಧಾರಣಶಕ್ತಿ)

ಮನುಷ್ಯರ ವಿಷಯದಲ್ಲಿ ದರವೇ ಕುಸಿದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಜನಿಸುವ ಮಕ್ಕಳ ಸರಾಸರಿ 1992-93ರಲ್ಲಿ ಸುಮಾರು 2.9 ಇದ್ದದ್ದು 2019-21ರಲ್ಲಿ 1.7ಕ್ಕೆ ಇಳಿದಿದೆ. ಒಂದು ಪೀಳಿಗೆಯ ಸ್ಥಾನವನ್ನು ಮುಂದಿನ ಪೀಳಿಗೆ ತುಂಬಲು 2.1 ಬೇಕು. ಹಾಗಿರುವಾಗ ಹಳೆಯ ಗೆರೆಯನ್ನೇ ಮುಂದುವರಿಸುವುದು ವಿಜ್ಞಾನವಲ್ಲ, ಪೂರ್ವಗ್ರಹ.

ಹಾಗಾದರೆ ನಮ್ಮ ಸೀಮೆಯಲ್ಲಿ ನಿಜವಾಗಿ ಇಮ್ಮಡಿಯಾಗುತ್ತಾ ಬಂದದ್ದು ಯಾವುದು? ಲಂಟಾನ! ಯಳಂದೂರಿಗೆ ಸೇರಿದ ಬಿಳಿಗಿರಿರಂಗನ ಬೆಟ್ಟದಲ್ಲಿ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 1997ರಿಂದ 2008ರ ನಡುವೆ ಅದರ ಸಾಂದ್ರತೆ ನಾಲ್ಕು ಪಟ್ಟಾಯಿತು. ಅಂದರೆ ಸುಮಾರು ಐದೂವರೆ ವರ್ಷಕ್ಕೊಮ್ಮೆ ಇಮ್ಮಡಿ; ವರ್ಷಕ್ಕೆ ಶೇಕಡಾ 13ರಷ್ಟು ದರ. ಹುಲ್ಲು ಬೆಳೆಯಬೇಕಾದಲ್ಲಿ ಪೊದೆ ಬೆಳೆದರೆ ದನಕ್ಕೂ ಮೇವಿಲ್ಲ, ಕಡವೆಗೂ ಮೇವಿಲ್ಲ.

ಈ ಗಿಡವನ್ನು ತಂದವರು ಸೋಲಿಗರಲ್ಲ. ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ತಂದವರು ಬ್ರಿಟಿಷರು. ಸೋಲಿಗರು ಬೇಸಿಗೆಯ ಆರಂಭದಲ್ಲಿ ಹಾಕುತ್ತಿದ್ದ ಸಣ್ಣ ತರಗು ಬೆಂಕಿ ಎಳೆಯ ಸಸಿಗಳನ್ನು ಹತೋಟಿಯಲ್ಲಿಡುತ್ತಿತ್ತೆಂಬುದು ಅವರ ಅನುಭವ. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಪದ್ಧತಿಗೆ ನಿಷೇಧ ಬಿತ್ತು. ಬೆಂಕಿಯೊಂದೇ ಕಾರಣ, ಅದೊಂದೇ ಪರಿಹಾರ ಎಂದು ನಾನು ವಾದಿಸುವುದಿಲ್ಲ. ದಟ್ಟವಾಗಿ ಬೆಳೆದ ಲಂಟಾನಕ್ಕೆ ಇಂದು ಬೆಂಕಿ ತಗುಲಿದರೆ ಮರಗಳೇ ಸುಟ್ಟಾವು. ಆದರೆ ಕಾಡನ್ನು ಬಲ್ಲವರನ್ನು ಹೊರಗಿಟ್ಟು ಕಾಡನ್ನು ಉಳಿಸುವೆವೆಂಬ ನೀತಿಯ ಫಲ ಕಣ್ಣೆದುರಿಗೇ ಇದೆ.

ವಿದ್ಯಾರ್ಥಿಗಳೇ, ಮುಂದೆ ಯಾರಾದರೂ ಏರುವ ಗೆರೆಯನ್ನೆಳೆದರೆ ಮೂರು ಪ್ರಶ್ನೆ ಕೇಳಿರಿ: ಯಾವುದರ ಸಂಖ್ಯೆ? ದರ ಎಲ್ಲಿಂದ ಬಂತು? ಮಿತಿ ಎಲ್ಲಿದೆ? ಉತ್ತರ ದೊರೆಯುವವರೆಗೆ, ಊರು ಬಿಡಿರೆನ್ನುವ ಮಾತಿಗೆ ತಲೆಯಾಡಿಸಬೇಡಿರಿ.