ಪೊರೆ ಕಟ್ಟುವ ಕೆಲಸ

1911ರಲ್ಲಿ ಹಾಲೆಂಡಿನ ಲೈಡನ್ ನಗರದ ಪ್ರಯೋಗಶಾಲೆಯಲ್ಲಿ ಕ್ಯಾಮರ್ಲಿಂಗ್ ಓನ್ಸ್ ಎಂಬ ವಿಜ್ಞಾನಿ ಪಾದರಸವನ್ನು ತಣಿಸುತ್ತ ಹೋದಾಗ, ಸುಮಾರು 4.2 ಕೆಲ್ವಿನ್ನಿನಲ್ಲಿ ಅದರ ವಿದ್ಯುತ್ ರೋಧವು ಥಟ್ಟನೆ ಇಲ್ಲವಾಯಿತು. ಇದೇ ಅತಿವಾಹಕತೆ. 1986ರಲ್ಲಿ ಬೆಡ್ನಾರ್ಟ್ಸ್ ಮತ್ತು ಮುಲ್ಲರ್ ಈ ಗುಣವನ್ನು ತಾಮ್ರದ ಆಕ್ಸೈಡೊಂದರಲ್ಲಿ ಕಂಡರು. ಮರುವರ್ಷವೇ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅದೇ 1987ರಲ್ಲಿ ಯಿಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕಗಳು ಕೂಡಿದ ವಸ್ತುವೊಂದು 93 ಕೆಲ್ವಿನ್ನಿನಲ್ಲಿಯೇ ಅತಿವಾಹಕವಾಯಿತು. ದ್ರವ ನೈಟ್ರೋಜನ್ನಿನ 77 ಕೆಲ್ವಿನ್ ತಂಪು ಅದಕ್ಕೆ ಧಾರಾಳವಾಗಿ ಸಾಕು.

ಕೀರ್ತಿಯೆಲ್ಲವೂ ಹೊಸ ವಸ್ತುವನ್ನು ಕಂಡವರಿಗೇ ಸಂದಿತು. ಇದು ಅರ್ಧ ನ್ಯಾಯ ಮಾತ್ರ. ಮೂಸೆಯಲ್ಲಿ ಬೇಯಿಸಿ ತೆಗೆದ ಆ ಕಪ್ಪು ಬಿಲ್ಲೆ ಬಲವಾದ ವಿದ್ಯುತ್ತನ್ನು ಹೊರಲಾರದು. ಅದರೊಳಗಿನ ಅಸಂಖ್ಯ ಹರಳುಗಳು ಒಂದೊಂದು ದಿಕ್ಕಿಗೆ ಮುಖಮಾಡಿರುತ್ತವೆ. ನೆರೆಯ ಹರಳುಗಳೆರಡು ಹತ್ತು ಡಿಗ್ರಿಯಷ್ಟು ಓರೆಯಾದರೂ ಸಾಕು, ಅವುಗಳ ನಡುವೆ ಹರಿಯಬಲ್ಲ ವಿದ್ಯುತ್ತು ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ಹರಳುಗಳನ್ನು ಒಂದೇ ಸಾಲಿಗೆ ತಂದು, ತೆಳುವಾದ ಪೊರೆಯಾಗಿ ಬೆಳೆಸಬೇಕಾಯಿತು.

ಇಲ್ಲಿ ಕೈಹಿಡಿದುದು ಮೇಲ್ಮೈ ಶಕ್ತಿ. ವಸ್ತುವಿನ ಒಳಗಿರುವ ಪರಮಾಣುವಿಗೆ ಎಲ್ಲ ಕಡೆಯೂ ನೆರೆಯವರುಂಟು. ಮೇಲ್ಮೈಯಲ್ಲಿರುವುದಕ್ಕೆ ಒಂದು ಕಡೆ ಯಾರೂ ಇಲ್ಲ. ಈ ಕೊರತೆಯೇ ಅಲ್ಲಿ ಹೆಚ್ಚಿನ ಶಕ್ತಿಯಾಗಿ ನಿಲ್ಲುತ್ತದೆ. ಕೆಸುವಿನೆಲೆಯ ಮೇಲಿನ ನೀರು ಮುತ್ತಿನಂತೆ ದುಂಡಗಾಗುವುದು ಇದನ್ನು ತಗ್ಗಿಸಿಕೊಳ್ಳುವುದಕ್ಕಾಗಿಯೇ. ಹರಳು ದುಂಡಗಾಗಲಾರದು, ಅದು ಕಡಿಮೆ ಶಕ್ತಿಯ ಮುಖವನ್ನು ಹೊರಗೆ ತೋರುತ್ತದೆ. ಈ ಆಕ್ಸೈಡಿನಲ್ಲಿ ಆ ಮುಖವು ತಾಮ್ರ-ಆಮ್ಲಜನಕದ ಪದರಗಳಿಗೆ ಸಮಾಂತರ. ವಿದ್ಯುತ್ತು ಸಲೀಸಾಗಿ ಹರಿಯುವುದೂ ಆ ಪದರಗಳಲ್ಲಿಯೇ. ಸುಮಾರು 750 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಪರಮಾಣುಗಳು ಅಲೆದಾಡಿ ತಮ್ಮ ನೆಲೆ ಸೇರುತ್ತವೆ, ಪದರಗಳು ಹಾಸಿದ ಚಾಪೆಗಳಂತೆ ಮಲಗುತ್ತವೆ. ಕಾವು ಸಾಕಷ್ಟಿಲ್ಲದಿದ್ದರೆ ಅಲೆಯಲು ಬಲವಿಲ್ಲದೆ, ಹರಳುಗಳು ಗೋಡೆಗೆ ಒರಗಿಸಿದ ಹಲಗೆಗಳಂತೆ ಎದ್ದು ನಿಂತುಬಿಡುತ್ತವೆ.

ಕುಂದಿಲ್ಲದ ಸಮತಟ್ಟಿನ ಮೇಲೆ ಹೊಸ ಪದರವನ್ನು ಆರಂಭಿಸುವುದು ಸುಲಭವಲ್ಲ. ಹರಳಿನಲ್ಲಿ ತಿರುಪಿನಂತಹ ಒಂದು ದೋಷವಿದ್ದರೆ ಮೆಟ್ಟಿಲು ಎಂದಿಗೂ ಮುಗಿಯದು. ಬಂದ ಪರಮಾಣುಗಳು ಅದರ ಅಂಚಿಗೆ ಕೂಡಿಕೊಳ್ಳುತ್ತ ಸುರುಳಿಯಾಗಿ ಮೇಲೇರುತ್ತವೆ. ಫ್ರಾಂಕ್ ಎಂಬ ವಿಜ್ಞಾನಿ 1949ರಲ್ಲಿ ಊಹಿಸಿದ್ದ ಇಂತಹ ಸುರುಳಿಗಳನ್ನು 1991ರಲ್ಲಿ ಈ ಪೊರೆಗಳ ಮೇಲೆಯೇ ಸೂಕ್ಷ್ಮದರ್ಶಕಗಳು ತೋರಿಸಿದವು. ವಿಚಿತ್ರವೆಂದರೆ, ಪೊರೆಯನ್ನು ಹೊಕ್ಕ ಕಾಂತರೇಖೆಗಳು ಕದಲದಂತೆ ಹಿಡಿದು, ಅದು ಹೆಚ್ಚು ವಿದ್ಯುತ್ತನ್ನು ಹೊರುವಂತೆ ಮಾಡುವುದೂ ಇಂತಹ ದೋಷಗಳೇ. ಪೂರ್ಣ ನಿರ್ದೋಷವಾದ ಹರಳು ಇಲ್ಲಿ ಸೋಲುತ್ತಿತ್ತು!

ಲೋಹದ ಪಟ್ಟಿಯ ಮೇಲೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ದಪ್ಪದ ಇಂತಹ ಪೊರೆಯನ್ನು ಕಿಲೋಮೀಟರುಗಟ್ಟಲೆ ಬೆಳೆಸಲು ಕಲಿತದ್ದರಿಂದಲೇ, 2021ರಲ್ಲಿ ಅಮೆರಿಕದಲ್ಲಿ ಪರಮಾಣು ಸಮ್ಮಿಲನಕ್ಕಾಗಿ ಕಟ್ಟಿದ ಅಯಸ್ಕಾಂತವು 20 ಟೆಸ್ಲಾ ಬಲವನ್ನು ಮುಟ್ಟಿತು. 1987ರ ವಸ್ತುವಿನ ಕುಲಕ್ಕೆ ಸೇರಿದುದೇ ಅದರಲ್ಲಿಯೂ ಇತ್ತು. ನಡುವಿನ 34 ವರ್ಷಗಳನ್ನು ತೆಗೆದುಕೊಂಡದ್ದು ಪೊರೆ ಬೆಳೆಸುವ ಕೆಲಸ. ಅದನ್ನು ಮಾಡಿದವರಲ್ಲಿ ಹೆಚ್ಚಿನವರ ಹೆಸರನ್ನು ಯಾವ ಪಾಠವೂ ಹೇಳುವುದಿಲ್ಲ.